ಸಂಪುಟ, ಸಂಚಿಕೆ, ಪುಟ: ತೊಕ್ಕೊಟ್ಟು ದಾರಿಯಲ್ಲಿ ಉಲ್ಲೇಖದ ಚರಿತ್ರೆ

ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟು ನೇತ್ರಾವತಿ ಸೇತುವೆಯನ್ನು ದಾಟಿದ ಮೇಲೆ ಸಿಗುವ ಮೊದಲ ದೊಡ್ಡ ಕವಲು ತೊಕ್ಕೊಟ್ಟು. ರಾಷ್ಟ್ರೀಯ ಹೆದ್ದಾರಿ 66 ಅಲ್ಲಿಂದ ನೇರವಾಗಿ ತಲಪಾಡಿ, ಮಂಜೇಶ್ವರಗಳ ಕಡೆಗೆ ಮುಂದುವರಿದರೆ, ಎಡಕ್ಕೆ ಒಡೆಯುವ ರಸ್ತೆಯು ದೇರಳಕಟ್ಟೆಯ ಮೂಲಕ ಕೊಣಾಜೆಯ ಗುಡ್ಡವನ್ನು ಏರಿ ಮಂಗಳಗಂಗೋತ್ರಿಯನ್ನು, ಅಂದರೆ ಮಂಗಳೂರು ವಿಶ್ವವಿದ್ಯಾನಿಲಯದ ಆವರಣವನ್ನು ಸೇರುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವೊಂದರಿಂದ ಬೆಳೆದ ಈ ಸಂಸ್ಥೆ 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು 1998ರಲ್ಲಿ ಆರಂಭವಾಗುವವರೆಗೂ ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳು ಇದರ ವ್ಯಾಪ್ತಿಯಲ್ಲೇ ಇದ್ದವು. ಹೀಗಾಗಿ ಸುರತ್ಕಲ್ಲಿನಲ್ಲೋ ನಿಟ್ಟೆಯಲ್ಲೋ ಬರೆದ ತಾಂತ್ರಿಕ ಮಹಾಪ್ರಬಂಧವು ಪದವಿಗಾಗಿ ಸಲ್ಲಿಕೆಯಾಗಬೇಕಾಗಿದ್ದುದು ಕೊಣಾಜೆಯಲ್ಲಿ, ಅಲ್ಲಿಗೆ ಮುಖ್ಯ ದಾರಿ ತೊಕ್ಕೊಟ್ಟಿನದು. ಆ ಪ್ರಬಂಧಗಳ ಕೊನೆಯ ಹಾಳೆಗಳಲ್ಲಿ ಇರುತ್ತಿದ್ದ ಉಲ್ಲೇಖಪಟ್ಟಿ, ಅದರಲ್ಲೂ ಸಂಶೋಧನ ನಿಯತಕಾಲಿಕಗಳ ಲೇಖನಗಳನ್ನು ಹೆಸರಿಸುವ ಕ್ರಮ, ಪರೀಕ್ಷಕರ ಶಿಸ್ತಿನ ಫಲವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ. ಆದರೆ ಆ ಕ್ರಮವನ್ನು ರೂಪಿಸಿದ್ದು ಪರೀಕ್ಷಕರಿಗಿಂತ ಹೆಚ್ಚಾಗಿ ದೂರ, ಅಂದರೆ ಓದುಗನಿಗೂ ಮೂಲ ಲೇಖನವಿರುವ ಗ್ರಂಥಾಲಯಕ್ಕೂ ನಡುವಿನ ದೂರ, ಎಂಬುದನ್ನು ಈ ಪ್ರದೇಶದ ವಿದ್ಯಾಚರಿತ್ರೆ ಸ್ಪಷ್ಟವಾಗಿ ತೋರಿಸುತ್ತದೆ.

ಆಕರವನ್ನು ಹೆಸರಿಸಿ ಹೇಳುವ ಶಿಸ್ತು ಮಂಗಳೂರಿಗೆ ವಿಶ್ವವಿದ್ಯಾನಿಲಯದ ಜೊತೆಗೆ ಬಂದದ್ದಲ್ಲ. 1841ರಲ್ಲಿ ಇಲ್ಲಿ ನೆಲೆಗೊಂಡ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದಸ್ಸನ್ನು 1875ರಲ್ಲಿಯೂ ಸಂಪಾದಿಸಿ ಹೊರತಂದ ಫರ್ಡಿನಾಂಡ್ ಕಿಟೆಲ್, 1894ರಲ್ಲಿ ಅಚ್ಚಾದ ತಮ್ಮ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದು ಪದಕ್ಕೆ ಅರ್ಥ ಕೊಡುವಾಗ ಅದು ಯಾವ ಕೃತಿಯಲ್ಲಿ ದೊರೆಯುತ್ತದೆಂಬುದನ್ನು ಎರಡು ಮೂರು ಅಕ್ಷರಗಳ ಸಂಕೇತದಿಂದ ಸೂಚಿಸಿದರು. ಆ ಸಂಕೇತಗಳನ್ನು ಬಿಡಿಸಿ ಹೇಳುವ ಪಟ್ಟಿಯನ್ನು ಗ್ರಂಥದ ಆರಂಭದಲ್ಲೇ ಇಟ್ಟರು. ಸುಮಾರು ಎಪ್ಪತ್ತು ಸಾವಿರ ಪದಗಳ ಗ್ರಂಥದಲ್ಲಿ ಪ್ರತಿ ಬಾರಿಯೂ ಕೃತಿಯ ಪೂರ್ಣ ಹೆಸರನ್ನು ಅಚ್ಚುಮೊಳೆಗಳಲ್ಲಿ ಜೋಡಿಸುವುದು ಅಸಾಧ್ಯವಾಗಿತ್ತು ಎಂಬುದು ಈ ಸಂಕ್ಷೇಪದ ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯವಾದದ್ದು: ನಿಘಂಟುಕಾರನ ಮಾತನ್ನು ಒಪ್ಪದವನಿಗೆ ಮೂಲವನ್ನು ತೆರೆದು ನೋಡುವ ಅವಕಾಶ ಉಳಿಯಬೇಕಿತ್ತು. ಇಂದಿನ ಎಂಜಿನಿಯರಿಂಗ್ ಲೇಖನದಲ್ಲಿ ಚೌಕ ಆವರಣದೊಳಗೆ ಕಾಣುವ ಅಂಕಿಯೂ ಕೊನೆಯ ಪಟ್ಟಿಯೂ ಇದೇ ಕೆಲಸವನ್ನು ಮಾಡುತ್ತವೆ. ಸಾಲಿನ ನಡುವೆ ಚಿಕ್ಕ ಗುರುತು, ಬೇರೊಂದು ಕಡೆ ಅದರ ವಿವರ ಎಂಬ ಈ ಎರಡು ಹಂತದ ಏರ್ಪಾಡು ಮಂಗಳೂರಿನ ಅಚ್ಚುಕೂಟದಲ್ಲಿ ನೂರಮೂವತ್ತು ವರ್ಷಗಳ ಹಿಂದೆಯೇ ಕರಾರುವಾಕ್ಕಾಗಿ ನಡೆಯುತ್ತಿತ್ತೆಂಬುದು ಕರಾವಳಿಯ ತಾಂತ್ರಿಕ ಶಿಕ್ಷಣದ ಚರಿತ್ರೆಗಳಲ್ಲಿ ಸೇರಬೇಕಾದ ಸಂಗತಿ.

ನಿಘಂಟಿಗೂ ವಿಜ್ಞಾನಕ್ಕೂ ಇರುವ ವ್ಯತ್ಯಾಸವೆಂದರೆ ವಿಜ್ಞಾನದ ಆಕರವು ಬಹುಮಟ್ಟಿಗೆ ಪುಸ್ತಕವಾಗಿರದೆ ನಿಯತಕಾಲಿಕದೊಳಗಿನ ಲೇಖನವಾಗಿರುತ್ತದೆ. 1665ರಲ್ಲಿ ಪ್ಯಾರಿಸ್ಸಿನಲ್ಲಿಯೂ ಲಂಡನ್ನಿನಲ್ಲಿಯೂ ಮೊದಲ ವಿದ್ವತ್ ಪತ್ರಿಕೆಗಳು ಹುಟ್ಟಿದ ಮೇಲೆ ಇಂಥ ಪತ್ರಿಕೆಗಳು ಬೆಳೆದು, ಅವುಗಳ ಒಂದು ವರ್ಷದ ಅಥವಾ ಅರ್ಧ ವರ್ಷದ ಸಂಚಿಕೆಗಳನ್ನು ಒಟ್ಟಿಗೆ ಹೊಲಿದು ರಟ್ಟು ಕಟ್ಟಿಸಿ ಸಂಪುಟವೆಂದು ಕಪಾಟಿನಲ್ಲಿ ಇಡುವ ಪದ್ಧತಿ ಗ್ರಂಥಾಲಯಗಳಲ್ಲಿ ನೆಲೆಯೂರಿತು. ಆದ್ದರಿಂದ ಲೇಖನವನ್ನು ಹುಡುಕುವವನಿಗೆ ಬೇಕಾದುದು ಪತ್ರಿಕೆಯ ಹೆಸರು, ಬೆನ್ನಿನ ಮೇಲೆ ಅಚ್ಚಾದ ಸಂಪುಟದ ಅಂಕಿ, ಮತ್ತು ಒಳಗಿನ ಪುಟ. ಸಂಪುಟದುದ್ದಕ್ಕೂ ಪುಟಸಂಖ್ಯೆ ನಿರಂತರವಾಗಿ ಓಡಿದರೆ ಸಂಚಿಕೆಯ ಅಂಕಿ ಇಲ್ಲದೆಯೂ ಕೆಲಸ ನಡೆಯುತ್ತದೆ. ಪ್ರತಿ ಸಂಚಿಕೆಯೂ ಒಂದನೆಯ ಪುಟದಿಂದ ಮತ್ತೆ ಆರಂಭವಾಗುವ ಪತ್ರಿಕೆಗಳಲ್ಲಿ ಸಂಚಿಕೆಯ ಅಂಕಿ ತಪ್ಪಿದರೆ ಹುಡುಕುವವನು ಆರೋ ಹನ್ನೆರಡೋ ಕಡೆ ಅದೇ ಪುಟವನ್ನು ತೆರೆಯಬೇಕಾಗುತ್ತದೆ. ಕರ್ನಾಟಕಕ್ಕೆ ಹತ್ತಿರದ ಒಂದು ಉದಾಹರಣೆಯನ್ನು ನೋಡಬಹುದು. ಸಿ. ವಿ. ರಾಮನ್ ತಮ್ಮ ಶೋಧವನ್ನು 1928ರ ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸವೊಂದರಲ್ಲಿ ವಿವರಿಸಿದರು. ಅದು ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ ಪತ್ರಿಕೆಯ 2ನೆಯ ಸಂಪುಟದ 387ರಿಂದ 398ರವರೆಗಿನ ಪುಟಗಳಲ್ಲಿ ಅಚ್ಚಾಯಿತು. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಇಬ್ಬರ ಹೆಸರಿನಲ್ಲಿ ಬಂದ ಕಿರುಟಿಪ್ಪಣಿ ‘ನೇಚರ್’ ಪತ್ರಿಕೆಯ 121ನೆಯ ಸಂಪುಟದ 501ನೆಯ ಪುಟದಲ್ಲಿ, ಅದೇ ವರ್ಷದ ಮಾರ್ಚ್ 31ರ ಸಂಚಿಕೆಯಲ್ಲಿದೆ. ಶೋಧವನ್ನು ಹೆಸರಿಸಲು ‘ರಾಮನ್, 1928’ ಎಂದಷ್ಟೇ ಬರೆದರೆ ಈ ಎರಡರಲ್ಲಿ ಯಾವುದು ಎಂಬುದು ತಿಳಿಯುವುದಿಲ್ಲ. ಒಂದರಲ್ಲಿ ಒಬ್ಬ ಲೇಖಕ, ಇನ್ನೊಂದರಲ್ಲಿ ಇಬ್ಬರು ಎಂಬ ವ್ಯತ್ಯಾಸವಂತೂ ಶ್ರೇಯಸ್ಸಿನ ಪ್ರಶ್ನೆಯೇ ಆಗಿದೆ. ಅದೇ ವಿದ್ಯಮಾನವನ್ನು ಸ್ವತಂತ್ರವಾಗಿ ಕಂಡಿದ್ದ ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಜುಲೈ ತಿಂಗಳಲ್ಲಿ ಜರ್ಮನ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ರಾಮನ್ನರ ಟಿಪ್ಪಣಿಯನ್ನು ಹೆಸರಿಸಿದ್ದರು. ಪ್ರಕಟಣೆಯಲ್ಲಿ ಯಾರು ಮೊದಲು ಎಂಬ ವಿವಾದಕ್ಕೆ ಇಂಥ ಉಲ್ಲೇಖಕ್ಕಿಂತ ಬಲವಾದ ಸಾಕ್ಷ್ಯ ಬೇರೆ ಇರಲಾರದು.

ಪತ್ರಿಕೆಯ ಹೆಸರೂ ಸ್ಥಿರವಲ್ಲ. ರಾಮನ್ ಬೆಂಗಳೂರಿನಲ್ಲಿ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳು ಮೊದಲು ಒಂದೇ ಪತ್ರಿಕೆಯಾಗಿದ್ದು, ಮರುವರ್ಷವೇ ಎ ಮತ್ತು ಬಿ ಎಂದು ಎರಡು ವಿಭಾಗಗಳಾದವು. ಎಪ್ಪತ್ತರ ದಶಕದ ಕೊನೆಯಲ್ಲಿ ವಿಷಯವಾರು ಇನ್ನಷ್ಟು ಒಡೆದು, ಎಂಜಿನಿಯರಿಂಗ್ ವಿಜ್ಞಾನಗಳ ಭಾಗವು 1984ರಿಂದ ‘ಸಾಧನಾ’ ಎಂಬ ಹೆಸರನ್ನು ಪಡೆಯಿತು. ಆದ್ದರಿಂದ 1936ರ ಲೇಖನವೊಂದಕ್ಕೆ ಸಂಪುಟ 3 ಎಂದು ಬರೆದು ವಿಭಾಗದ ಅಕ್ಷರವನ್ನು ಬಿಟ್ಟರೆ ಓದುಗನು ಎರಡು ಬೇರೆ ಬೇರೆ ಸಂಪುಟಗಳನ್ನು ತರಿಸಿ ನೋಡಬೇಕು. ರಾಜ್ಯದ ಹೆಸರು 1973ರಲ್ಲಿ ಕರ್ನಾಟಕವೆಂದು ಬದಲಾದರೂ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ‘ಮೈಸೂರ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ತನ್ನ ಹಳೆಯ ಹೆಸರನ್ನೇ ಉಳಿಸಿಕೊಂಡಿತು. ಉಳ್ಳಾಲದ ಸಂಶೋಧನಾ ಕೇಂದ್ರದಲ್ಲಿ ಗೇರು ತಳಿಗಳ ಮೇಲೆ ಕೆಲಸ ಮಾಡುವವರಿಗೆ ಈ ಪತ್ರಿಕೆಯೂ, ಕಾಸರಗೋಡಿನಿಂದ 1973ರಿಂದ ಹೊರಡುತ್ತಿರುವ ‘ಜರ್ನಲ್ ಆಫ್ ಪ್ಲಾಂಟೇಷನ್ ಕ್ರಾಪ್ಸ್’ ಕೂಡ ಪಕ್ಕದ ಮನೆಯ ಆಕರಗಳು. ಅಭಿಮಾನದಿಂದಾಗಲಿ ಮರೆವಿನಿಂದಾಗಲಿ ಮೊದಲನೆಯದರ ಹೆಸರನ್ನು ತಿದ್ದಿ ಬರೆದವನು ಇಲ್ಲದ ಪತ್ರಿಕೆಯೊಂದನ್ನು ಸೃಷ್ಟಿಸಿದಂತಾಗುತ್ತದೆ. ಪ್ರಕಟವಾದಾಗ ಮುಖಪುಟದ ಮೇಲೆ ಯಾವ ಹೆಸರಿತ್ತೋ ಅದನ್ನೇ ಬರೆಯಬೇಕೆಂಬ ನಿಯಮದ ಹಿಂದಿನ ಕಾರಣ ಇದು.

ಇಂಥ ನಿಯಮಗಳನ್ನು ಭಾರತದಲ್ಲಿ ಲಿಖಿತ ಮಾನಕಗಳನ್ನಾಗಿ ಮಾಡುವ ಕೆಲಸ ಸ್ವಾತಂತ್ರ್ಯದ ವರ್ಷವೇ ಆರಂಭವಾಯಿತು ಎಂಬುದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. 1947ರ ಜನವರಿಯಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯು ಸಿಮೆಂಟು, ಉಕ್ಕು, ಹೆಂಚುಗಳ ಜೊತೆಗೆ ದಾಖಲಾತಿಗೂ ಒಂದು ಸಮಿತಿಯನ್ನು ರಚಿಸಿ, ಅದರ ನೇತೃತ್ವವನ್ನು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರಿಗೆ ವಹಿಸಿತು. ಪತ್ರಿಕೆಗಳ ಹೆಸರನ್ನು ಸಂಕ್ಷೇಪಿಸುವ ಕ್ರಮವನ್ನು ಹೇಳುವ ಐಎಸ್ 18 ಎಂಬ ಮಾನಕವು 1949ರಷ್ಟು ಹಿಂದಿನದು; ಗ್ರಂಥೋಲ್ಲೇಖದಲ್ಲಿ ಅವಶ್ಯ ಅಂಶಗಳು ಯಾವುವು, ಪೂರಕ ಅಂಶಗಳು ಯಾವುವು ಎಂದು ವಿಂಗಡಿಸುವ ಐಎಸ್ 2381 ಅರವತ್ತರ ದಶಕದಲ್ಲಿ ಬಂದಿತು. ಓದುಗನ ಸಮಯವನ್ನು ಉಳಿಸಬೇಕೆಂಬುದನ್ನು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಒಂದನ್ನಾಗಿ 1931ರಲ್ಲೇ ಮಂಡಿಸಿದ್ದ ರಂಗನಾಥನ್, 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿ, 1962ರಲ್ಲಿ ಅಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಗ್ರಂಥಪಾಲಕರಿಗೆ ಹೀಗೆ ಬೆಂಗಳೂರಿನಲ್ಲೇ ಗುರುಪೀಠವೊಂದು ದೊರೆತರೂ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಚ್ಚಾಗಿ ಅನುಸರಿಸಿದ್ದು ತಾವು ಲೇಖನ ಕಳುಹಿಸಬೇಕಾಗಿದ್ದ ವಿದೇಶಿ ಪತ್ರಿಕೆಗಳ ಕ್ರಮವನ್ನೇ. ಮಾನಕಗಳನ್ನು ಹೆಸರಿಸುವ ವಿಷಯದಲ್ಲಿ ಮಾತ್ರ ಅವರು ದೇಶೀಯ ಶಿಸ್ತನ್ನು ಬಿಡುವಂತಿರಲಿಲ್ಲ: ಮಂಗಳೂರು ಮಾದರಿಯ ಹೆಂಚುಗಳ ಮಾನಕವಾದ ಐಎಸ್ 654 ಹಲವು ಬಾರಿ ಪರಿಷ್ಕೃತವಾಗಿರುವುದರಿಂದ, 1972ರ ಪಾಠವೋ 1992ರ ಪಾಠವೋ ಎಂಬುದನ್ನು ಹೇಳದೆ ಅಂಕಿಯನ್ನಷ್ಟೇ ಬರೆದರೆ ಪರೀಕ್ಷೆಯ ಫಲಿತಾಂಶವನ್ನು ಯಾವ ಅಳತೆಗೋಲಿಗೆ ಹೋಲಿಸಲಾಗಿದೆ ಎಂಬುದೇ ಗೊತ್ತಾಗುವುದಿಲ್ಲ.

ರಂಗನಾಥನ್ ಬಹಳ ತಲೆ ಕೆಡಿಸಿಕೊಂಡ ಇನ್ನೊಂದು ಸಮಸ್ಯೆ ಲೇಖಕರ ಹೆಸರು. ಪಾಶ್ಚಾತ್ಯ ಕ್ರಮದಲ್ಲಿ ಹೆಸರಿನ ಕೊನೆಯ ಭಾಗ ಮನೆತನದ್ದು, ಮೊದಲಿನದು ವ್ಯಕ್ತಿಯದು. ಪಟ್ಟಿಯು ಮನೆತನದ ಹೆಸರಿನ ಅಕಾರಾದಿಯಲ್ಲಿ ಸಾಗುತ್ತದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರಿನ ಮೊದಲ ಭಾಗ ಊರಿನದು, ಚಂದ್ರಶೇಖರ ವೆಂಕಟರಾಮನ್ ಎಂಬಲ್ಲಿ ಮೊದಲನೆಯದು ತಂದೆಯದು, ಎರಡನೆಯದು ಇಡಿಯಾಗಿ ಒಂದೇ ಹೆಸರಾಗಿದ್ದು ಮಧ್ಯೆ ಒಡೆದು ‘ವಿ. ರಾಮನ್’ ಆದದ್ದು. ಕರಾವಳಿಯಲ್ಲಿ ಈ ತೊಡಕು ಇನ್ನೂ ಹೆಚ್ಚು, ಏಕೆಂದರೆ ಇಲ್ಲಿ ಎಲ್ಲ ಬಗೆಯ ಹೆಸರುಗಳೂ ಒಂದೇ ಪ್ರಯೋಗಾಲಯದಲ್ಲಿ ಸೇರುತ್ತವೆ. ಶೆಟ್ಟಿ, ರೈ, ಆಳ್ವ, ಪೈ, ಕಾಮತ್, ಭಟ್ ಎಂಬವು ಪಾಶ್ಚಾತ್ಯ ಕ್ರಮಕ್ಕೆ ಒಗ್ಗಿಕೊಳ್ಳುತ್ತವಾದರೂ ಒಂದೇ ವಿಭಾಗದಲ್ಲಿ ಹಲವು ‘ಶೆಟ್ಟಿ, ಎಸ್.’ ಹುಟ್ಟಿಕೊಳ್ಳುತ್ತಾರೆ; ಕ್ರೈಸ್ತರ ಡಿಸೋಜ, ಲೋಬೊಗಳ ಕಾಗುಣಿತ ಲೇಖನದಿಂದ ಲೇಖನಕ್ಕೆ ಬದಲಾಗುತ್ತದೆ; ಬ್ಯಾರಿ ಸಮುದಾಯದ ಅನೇಕರ ಹೆಸರಿನ ಕೊನೆಯ ಭಾಗ ತಂದೆಯದೋ ಸ್ವಂತದ್ದೋ ಎಂಬುದು ಹೊರಗಿನ ಸಂಪಾದಕನಿಗೆ ಹೊಳೆಯುವಂಥದ್ದಲ್ಲ. ಇದಕ್ಕೆ ಸಂಶೋಧಕರು ಕಂಡುಕೊಂಡ ಪರಿಹಾರ ಸರಳವಾಗಿತ್ತು: ಮೊದಲ ಲೇಖನದಲ್ಲಿ ಹೇಗೆ ಅಚ್ಚಾಯಿತೋ ಹಾಗೆಯೇ ಜೀವಮಾನವಿಡೀ ಬರೆಯುವುದು. ಹೆಸರು ತಪ್ಪಾಗಿ ಒಡೆದಿದ್ದರೂ ಅದೇ ಒಡಕನ್ನು ಕಾಪಾಡಿಕೊಂಡವರಿದ್ದಾರೆ, ರಾಮನ್ನರ ಹೆಸರೇ ಅದಕ್ಕೆ ದೊಡ್ಡ ನಿದರ್ಶನ.

ದೂರದ ಪ್ರಶ್ನೆ ತೀವ್ರವಾದದ್ದು 1960ರಲ್ಲಿ ಸುರತ್ಕಲ್ಲಿನಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಆರಂಭವಾಗಿ, ಮುಂದೆ ಕೊಣಾಜೆಯಲ್ಲಿ ಸಂಶೋಧನ ಪದವಿಗಳು ದೊರೆಯತೊಡಗಿದ ಮೇಲೆ. ಹೊಸ ಗ್ರಂಥಾಲಯಕ್ಕೆ ಪುಸ್ತಕಗಳನ್ನು ಕೊಳ್ಳಬಹುದು, ಆದರೆ ಐವತ್ತು ವರ್ಷಗಳ ಹಳೆಯ ಜರ್ನಲ್ ಸಂಪುಟಗಳನ್ನು ಒಮ್ಮೆಲೇ ಕೊಳ್ಳುವುದು ಸಾಧ್ಯವಿರಲಿಲ್ಲ. ಅವು ಇದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗ್ರಂಥಾಲಯದಂಥ ಕೆಲವೇ ಕಡೆಗಳಲ್ಲಿ, ಘಟ್ಟದ ಆಚೆ. ಯುನೆಸ್ಕೋದ ನೆರವಿನಿಂದ 1952ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಇನ್ಸ್‌ಡಾಕ್ ಎಂಬ ರಾಷ್ಟ್ರೀಯ ವೈಜ್ಞಾನಿಕ ದಾಖಲಾತಿ ಕೇಂದ್ರವು, ಬೇಕಾದ ಲೇಖನದ ವಿವರವನ್ನು ಬರೆದು ಕಳುಹಿಸಿ ಹಣ ಕಟ್ಟಿದರೆ ಅದರ ಪ್ರತಿಯನ್ನು ತೆಗೆಸಿ ಅಂಚೆಯಲ್ಲಿ ಕಳುಹಿಸಿಕೊಡುತ್ತಿತ್ತು. ಇಂಥ ಕೋರಿಕೆಯಲ್ಲಿ ಸಂಪುಟದ ಒಂದು ಅಂಕಿ ತಪ್ಪಿದರೆ ವಾರಗಟ್ಟಲೆ ಕಾದ ಮೇಲೆ ಬರುವುದು ಬೇರೆ ಯಾರದೋ ಲೇಖನ, ಇಲ್ಲವೇ ಸಿಗಲಿಲ್ಲವೆಂಬ ಉತ್ತರ. ಪರೀಕ್ಷಕನ ಕೆಂಪು ಶಾಯಿಗಿಂತ ಈ ಅಂಚೆಯ ಉತ್ತರವೇ ಅಂದಿನ ಸಂಶೋಧಕರಿಗೆ ಅಂಕಿಗಳ ಬಗ್ಗೆ ಎಚ್ಚರವನ್ನು ಕಲಿಸಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಆದರೆ ದೂರವು ಎಚ್ಚರವನ್ನು ಕಲಿಸಿದಂತೆಯೇ ಒಂದು ದುರಭ್ಯಾಸವನ್ನೂ ಬೆಳೆಸಿತು. ಮೂಲ ಲೇಖನ ಕೈಗೆ ಸಿಗದಾಗ, ಅದನ್ನು ಹೆಸರಿಸಿದ ಇನ್ನೊಂದು ಲೇಖನದ ಪಟ್ಟಿಯಿಂದಲೋ ಸಾರಸಂಗ್ರಹ ಪತ್ರಿಕೆಯ ನಾಲ್ಕು ಸಾಲಿನ ಟಿಪ್ಪಣಿಯಿಂದಲೋ ವಿವರವನ್ನು ಎತ್ತಿಕೊಂಡು ತಾನೇ ಓದಿದಂತೆ ಬರೆಯುವುದು ಸುಲಭವಾಗಿತ್ತು. ಸರಿಯಾದ ಕ್ರಮವೆಂದರೆ ಓದದ ಮೂಲವನ್ನು ‘ಇಂಥವರಲ್ಲಿ ಉಲ್ಲೇಖಿತ’ ಎಂದು ಸ್ಪಷ್ಟವಾಗಿ ಹೇಳುವುದು. ಹಾಗೆ ಹೇಳಿದರೆ ಪ್ರಬಂಧದ ತೂಕ ಕಡಿಮೆಯಾಗುತ್ತದೆಂಬ ಭಯ ಅದನ್ನು ತಡೆಯುತ್ತಿತ್ತು. ಈ ಚಾಳಿ ಬಡ ಗ್ರಂಥಾಲಯಗಳಿಗೆ ಮಾತ್ರ ಸೇರಿದ್ದಲ್ಲವೆಂಬುದನ್ನು ಅಮೆರಿಕದ ಸಿಮ್ಕಿನ್ ಮತ್ತು ರಾಯ್‌ಚೌಧುರಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟಿತು. 1973ರ ಪ್ರಸಿದ್ಧ ಭೌತವಿಜ್ಞಾನ ಲೇಖನವೊಂದನ್ನು ಹೆಸರಿಸಿದ ಸುಮಾರು 4,300 ಉಲ್ಲೇಖಗಳಲ್ಲಿ 196ರಲ್ಲಿ ಅಚ್ಚಿನ ತಪ್ಪುಗಳಿದ್ದು, ಅವು ಕೇವಲ 45 ಬಗೆಯವಾಗಿದ್ದವು; ಒಂದೇ ತಪ್ಪು ಪುಟಸಂಖ್ಯೆ 78 ಬಾರಿ ಮರುಕಳಿಸಿತ್ತು. ಎಪ್ಪತ್ತೆಂಟು ಮಂದಿ ಸ್ವತಂತ್ರವಾಗಿ ಒಂದೇ ತಪ್ಪನ್ನು ಮಾಡಿರಲು ಸಾಧ್ಯವಿಲ್ಲವಾದ್ದರಿಂದ, ಬಹುಪಾಲು ಜನ ಮೂಲವನ್ನು ತೆರೆಯದೆ ಪರಸ್ಪರರ ಪಟ್ಟಿಯನ್ನು ನಕಲಿಸಿದ್ದರೆಂದು ಅವರು ತೀರ್ಮಾನಿಸಿದರು. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಗ್ರಂಥಸಂಪಾದನೆ ಮಾಡುವ ಕನ್ನಡ ವಿದ್ವಾಂಸರಿಗೆ ಈ ತರ್ಕ ಹೊಸದಲ್ಲ: ಒಂದೇ ಲೋಪವಿರುವ ಪ್ರತಿಗಳು ಒಂದೇ ಮಾತೃಕೆಯಿಂದ ಇಳಿದು ಬಂದವು ಎಂಬುದು ಅವರ ಮೊದಲ ಪಾಠ.

ಉಲ್ಲೇಖದ ಬಾಹ್ಯರೂಪಗಳಂತೂ ತೊಕ್ಕೊಟ್ಟಿನಿಂದ ಕೊಣಾಜೆಯವರೆಗಿನ ಈ ಒಂದು ರಸ್ತೆಯಲ್ಲೇ ಹಲವು. ಹಾರ್ವರ್ಡಿನ ಪ್ರಾಣಿವಿಜ್ಞಾನಿ ಎಡ್ವರ್ಡ್ ಮಾರ್ಕ್ 1881ರಲ್ಲಿ ಗೊಂಡೆಹುಳುವಿನ ಮೊಟ್ಟೆಯ ಬಗ್ಗೆ ಬರೆದ ಲೇಖನದಿಂದ ಹರಡಿತೆನ್ನಲಾದ, ಲೇಖಕ ಮತ್ತು ವರ್ಷವನ್ನು ಆವರಣದಲ್ಲಿ ಕೊಡುವ ಪದ್ಧತಿಯನ್ನು ಜೀವವಿಜ್ಞಾನಗಳ ವಿಭಾಗಗಳೂ, ನೇತ್ರಾವತಿಯ ಆಚೆ ದಡದಲ್ಲಿ 1969ರಿಂದ ಇರುವ ಮೀನುಗಾರಿಕಾ ಕಾಲೇಜಿನಂಥ ಸಂಸ್ಥೆಗಳೂ ಬಳಸುತ್ತ ಬಂದಿವೆ. ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳಲ್ಲಿ ನಡೆಯುವುದು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿದ ವೈದ್ಯಪತ್ರಿಕೆಗಳ ಸಂಪಾದಕರು ಒಪ್ಪಿಕೊಂಡ ಅಂಕಿ ಪದ್ಧತಿ. ಎಂಜಿನಿಯರಿಂಗಿನದು 1963ರಲ್ಲಿ ಎರಡು ಅಮೆರಿಕನ್ ಸಂಘಗಳು ಕೂಡಿ ಆದ ಐಟ್ರಿಪಲ್‌ಇ ಸಂಸ್ಥೆಯ ಪತ್ರಿಕೆಗಳಿಂದ ಹರಡಿದ ರೂಪ: ಸಾಲಿನಲ್ಲಿ ಚೌಕ ಆವರಣದ ಅಂಕಿ, ಪಟ್ಟಿಯಲ್ಲಿ ಮೊದಲು ಇನಿಷಿಯಲ್ ಆಮೇಲೆ ಹೆಸರು, ಉದ್ಧರಣ ಚಿಹ್ನೆಯೊಳಗೆ ಲೇಖನದ ಶೀರ್ಷಿಕೆ, ಓರೆ ಅಕ್ಷರದಲ್ಲಿ ಪತ್ರಿಕೆಯ ಸಂಕ್ಷಿಪ್ತ ನಾಮ, ಆಮೇಲೆ ಸಂಪುಟ, ಸಂಚಿಕೆ, ಪುಟ, ತಿಂಗಳು, ವರ್ಷ. ಅಂಕಿಗಳು ಪಠ್ಯದಲ್ಲಿ ಬರುವ ಕ್ರಮದಲ್ಲೇ ಸಾಗಬೇಕಾಗಿದ್ದುದರಿಂದ, ಬೆರಳಚ್ಚಿನ ಕಾಲದಲ್ಲಿ ಗೈಡ್ ಮೂರನೆಯ ಅಧ್ಯಾಯದಲ್ಲಿ ಒಂದು ಆಕರವನ್ನು ಸೇರಿಸೆಂದರೆ ಅಲ್ಲಿಂದ ಮುಂದಿನ ಎಲ್ಲ ಅಂಕಿಗಳನ್ನೂ ಅಳಿಸಿ ಮತ್ತೆ ಒತ್ತಬೇಕಾಗುತ್ತಿತ್ತು. ಲೇಖಕ–ವರ್ಷ ಪದ್ಧತಿಯಲ್ಲಿ ಆ ಸಂಕಟವಿರಲಿಲ್ಲ. 1985ರಲ್ಲಿ ಬಂದ ಬಿಬ್‌ಟೆಕ್, ಮೂರು ವರ್ಷಗಳ ನಂತರದ ಎಂಡ್‌ನೋಟ್, 2006ರ ಜೊಟೆರೊ ಮೊದಲಾದ ತಂತ್ರಾಂಶಗಳು ಈ ಎಣಿಕೆಯ ಕೆಲಸವನ್ನು ಗಣಕಕ್ಕೆ ಒಪ್ಪಿಸಿದವು. ಆದರೆ ಒಳಗೆ ತುಂಬಿದ ಮಾಹಿತಿ ತಪ್ಪಾಗಿದ್ದರೆ ಅವು ಆ ತಪ್ಪನ್ನೇ ಯಾವ ಶೈಲಿ ಬೇಕೋ ಆ ಶೈಲಿಯಲ್ಲಿ ನಿರ್ದೋಷವಾಗಿ ಅಲಂಕರಿಸಿ ಕೊಡುತ್ತವೆ.

ಹೊಸ ಶತಮಾನದಲ್ಲಿ ದೂರ ಕುಗ್ಗಿತು. 2000ದ ವೇಳೆಗೆ ಬಳಕೆಗೆ ಬಂದ ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಶಾಶ್ವತವಾಗಿ ಕೊಡಲಾಗುವ ಗುರುತಿನ ಸಂಖ್ಯೆಯು, ಪ್ರಕಾಶಕರು ಬದಲಾದರೂ ಲೇಖನವನ್ನು ತೆರೆದು ತೋರಿಸತೊಡಗಿತು. ಭಾರತದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ 2003ರಲ್ಲೂ ವಿಶ್ವವಿದ್ಯಾನಿಲಯಗಳಿಗೆ 2004ರಲ್ಲೂ ಜರ್ನಲ್‌ಗಳನ್ನು ಸಾಮೂಹಿಕವಾಗಿ ಒದಗಿಸುವ ಒಕ್ಕೂಟಗಳು ಏರ್ಪಟ್ಟವು. ಪುಟಸಂಖ್ಯೆಯೇ ಇಲ್ಲದ ಪತ್ರಿಕೆಗಳೂ ಬಂದವು. ‘ಸಾಧನಾ’ ಕೂಡ ಈಗ ಪುಟದ ಬದಲು ಲೇಖನ ಸಂಖ್ಯೆಯನ್ನು ಕೊಡುತ್ತಿರುವುದರಿಂದ ಹಳೆಯ ಪಟ್ಟಿಯ ಮಾದರಿಯನ್ನು ಕಣ್ಣುಮುಚ್ಚಿ ಅನುಸರಿಸುವವರು ಇಲ್ಲದ ಪುಟವನ್ನು ಹುಡುಕಿ ಬರೆಯುವುದುಂಟು. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸಬೇಕೆಂಬ ಯುಜಿಸಿಯ 2009ರ ನಿಯಮದಿಂದಾಗಿ ‘ಶೋಧಗಂಗಾ’ ಭಂಡಾರವು ಬೆಳೆದು, ಒಮ್ಮೆ ಕಪ್ಪು ರೆಕ್ಸಿನ್ ರಟ್ಟಿನೊಳಗೆ ಕೂತುಬಿಡುತ್ತಿದ್ದ ಉಲ್ಲೇಖಪಟ್ಟಿಗಳು ಯಾರು ಬೇಕಾದರೂ ಪರಿಶೀಲಿಸಬಹುದಾದ ಸಾರ್ವಜನಿಕ ದಾಖಲೆಗಳಾದವು. ಕೃತಿಚೌರ್ಯದ ತಡೆಗೆ 2018ರಲ್ಲಿ ಬಂದ ನಿಯಮಾವಳಿಯು ಸಾಮ್ಯದ ಪ್ರಮಾಣ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲವೆಂದೂ, ಅದಕ್ಕೂ ಮೀರಿದರೆ 40 ಮತ್ತು 60ರ ಗಡಿಗಳಲ್ಲಿ ಏರುತ್ತ ಹೋಗುವ ಹಂತಗಳೆಂದೂ ವಿಧಿಸಿ, ಸರಿಯಾಗಿ ಹೆಸರಿಸಿದ ಉದ್ಧರಣೆಯನ್ನೂ ಉಲ್ಲೇಖಪಟ್ಟಿಯನ್ನೂ ಆ ಲೆಕ್ಕದಿಂದ ಹೊರಗಿಟ್ಟಿತು. ಇದರ ಒಂದು ವಿಚಿತ್ರ ಪರಿಣಾಮವೆಂದರೆ, ಪಟ್ಟಿಯನ್ನು ಸಾಮ್ಯ ಪತ್ತೆಹಚ್ಚುವ ತಂತ್ರಾಂಶವು ನೋಡುವುದೇ ಇಲ್ಲವಾದ್ದರಿಂದ, ಅಲ್ಲಿನ ನಕಲು ಮಾತ್ರ ಹಿಂದಿನಂತೆಯೇ ಯಾರ ಕಣ್ಣಿಗೂ ಬೀಳದೆ ನಡೆಯಬಹುದಾಗಿದೆ.

ಕನ್ನಡದ ವಿದ್ವತ್ ಪತ್ರಿಕೆಗಳ ಹಳೆಯ ಸಂಪುಟಗಳಿಗೆ ಈ ಯಾವ ಸೌಕರ್ಯವೂ ಪೂರ್ತಿಯಾಗಿ ತಲುಪಿಲ್ಲ. ತೊಕ್ಕೊಟ್ಟಿನಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಸಿಗುವ ಮಂಜೇಶ್ವರದಲ್ಲಿ ಕೂತು ಶಾಸನ, ಕಾಲನಿರ್ಣಯಗಳ ಬಗ್ಗೆ ಬರೆದ ಗೋವಿಂದ ಪೈಗಳ ಸಂಶೋಧನ ಲೇಖನಗಳು ಹಲವು ನಿಯತಕಾಲಿಕಗಳಲ್ಲಿ ಚದುರಿಹೋಗಿದ್ದವು. ಇಂಗ್ಲಿಷ್ ಪಟ್ಟಿಯಲ್ಲಿ ಅವರು ‘ಪೈ, ಎಂ. ಜಿ.’ ಆಗಬಹುದು, ಕನ್ನಡ ಗ್ರಂಥಸೂಚಿಯಲ್ಲಿ ಅವರನ್ನು ಹುಡುಕುವವರು ‘ಗೋವಿಂದ ಪೈ, ಎಂ.’ ಎಂದೇ ಹುಡುಕುತ್ತಾರೆ. ಎರಡನ್ನೂ ಒಂದೇ ಪ್ರಬಂಧದಲ್ಲಿ ಬೆರೆಸಿದರೆ ಒಬ್ಬ ಲೇಖಕ ಇಬ್ಬರಾಗುತ್ತಾನೆ. ಹಳೆಯ ಕನ್ನಡ ಸಂಚಿಕೆಗಳ ಮೇಲೆ ಅನೇಕ ವೇಳೆ ಇರುವುದು ಸಂವತ್ಸರದ ಹೆಸರು. ಚಾಂದ್ರಮಾನ ಸಂವತ್ಸರವು ಯುಗಾದಿಯಿಂದ ಯುಗಾದಿಗೆ ನಡೆದು ಎರಡು ಕ್ರಿಸ್ತವರ್ಷಗಳಲ್ಲಿ ಹರಡಿರುತ್ತದೆ, ಮತ್ತು ಅರವತ್ತು ವರ್ಷಗಳಿಗೊಮ್ಮೆ ಅದೇ ಹೆಸರು ಮರಳುತ್ತದೆ. ಕಿಟೆಲ್ ನಿಘಂಟು ಅಚ್ಚಾದ ವರ್ಷದ ಯುಗಾದಿಗೆ ಆರಂಭವಾದ ಜಯ ಸಂವತ್ಸರ 1954ರಲ್ಲಿ ಮತ್ತೆ ಬಂದು, 2014ರಲ್ಲಿ ಇನ್ನೊಮ್ಮೆ ಬಂದಿದೆ. ಸೌರಮಾನ ಪಂಚಾಂಗವನ್ನು ಅನುಸರಿಸಿ ಬಿಸುವಿನಿಂದ ವರ್ಷವನ್ನು ಎಣಿಸುವ ತುಳುನಾಡಿನಲ್ಲಂತೂ ಆರಂಭದ ದಿನವೂ ಬೇರೆ. ಆದ್ದರಿಂದ ಇಂಥ ಲೇಖನವನ್ನು ಹೆಸರಿಸುವವರು ಮುಖಪುಟದಲ್ಲಿರುವ ಸಂವತ್ಸರವನ್ನು ಇದ್ದಂತೆಯೇ ಬರೆದು, ತಾವು ಲೆಕ್ಕ ಹಾಕಿದ ಕ್ರಿಸ್ತವರ್ಷವನ್ನು ಚೌಕ ಆವರಣದಲ್ಲಿ ಕೊಟ್ಟು, ಸಂಪುಟ, ಸಂಚಿಕೆ, ಪುಟಗಳಲ್ಲಿ ಒಂದನ್ನೂ ಬಿಡದಿರುವುದೇ ಸರಿಯಾದ ಕ್ರಮ. ಏಕೆಂದರೆ ಆ ಲೇಖನವನ್ನು ನೋಡಬೇಕಾದವನು ಇಂದಿಗೂ ಗ್ರಂಥಾಲಯದ ಕಪಾಟಿನವರೆಗೆ ನಡೆದು ಹೋಗಲೇಬೇಕಾಗಿದೆ.